ಕೊಲೆಸ್ಟರಾಲ್ ಮಾತ್ರೆ ಮತ್ತು ಮೈಕೈ ನೋವು: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಜಂತುಹುಳು ಬಾಧೆ ಮುಂತಾದ ವಿಷಯಗಳನ್ನು ಈ ಪುಟಗಳಲ್ಲಿ ನೀವು ಓದುತ್ತಲೇ ಇರುತ್ತೀರಿ. ರಾಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ನೀವು ಗಾಬರಿಯಾಗಿ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಆದರೆ ಹಾಲು ಕರೆಯುವ ನಿಮ್ಮ ಮೈಯ ವಿಷಯದಲ್ಲಿ ಅಷ್ಟೇ ಎಚ್ಚರ ಇರುವುದಿಲ್ಲ. ಆದ್ದರಿಂದ ಈ ಬಾರಿ ರಾಸುಗಳ ವಿಷಯವನ್ನು ಬದಿಗಿಟ್ಟು ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಮುಖ್ಯ ವಿಷಯವನ್ನು ತಿಳಿಸಲಾಗಿದೆ.

ಇಂದು ಹಳ್ಳಿಗಳಲ್ಲಿಯೂ 45-50 ವರ್ಷ ದಾಟಿದ ಅನೇಕರು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆಗೆ ರಾತ್ರಿ ಒಂದು ಕೊಲೆಸ್ಟರಾಲ್ ಮಾತ್ರೆಯನ್ನೂ ನುಂಗುತ್ತಾರೆ. ಹೃದಯಾಘಾತವಾಗಿ ಬಂದವರು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಬಡಿದು ಚೇತರಿಸಿಕೊಂಡವರು ಬಹುತೇಕ ಎಲ್ಲರೂ ಇದನ್ನು ತೆಗೆದುಕೊಳ್ಳುತ್ತಾರೆ. "ಆ ಮಾತ್ರೆ ತಿಂದರೆ ಮೈಯೆಲ್ಲ ನೋವು ಬರುತ್ತದೆ, ಬಿಟ್ಟುಬಿಡು" ಎಂಬ ಮಾತೂ ಡೇರಿಯ ಮುಂದೆ ಕ್ಯಾನು ಇಟ್ಟು ನಿಂತವರ ನಡುವೆ ಹರಿದಾಡುತ್ತದೆ. ಇದನ್ನು ಕೇಳಿ ಕೆಲವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಇನ್ನು ಕೆಲವರು ನಿಜವಾಗಿಯೂ ತೊಂದರೆ ಇದ್ದರೂ ಬಾಯಿ ಬಿಡದೆ ತಿಂಗಳುಗಟ್ಟಲೆ ಸಹಿಸುತ್ತಾರೆ. ಇವೆರಡೂ ತಪ್ಪು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು, ನೋವನ್ನು ಮುಚ್ಚಿಡಲೂ ಬಾರದು. ಹೀಗೆ ಹೇಳಲು ಕಾರಣವೇನೆಂಬುದನ್ನು ಮುಂದೆ ವಿವರಿಸಲಾಗಿದೆ.

ಕೊಲೆಸ್ಟರಾಲ್ ಎಂದರೇನು?

ಸಂಘದಲ್ಲಿ ಹಾಲಿನ ಫ್ಯಾಟ್ ಹೆಚ್ಚು ಬಂದರೆ ನಿಮಗೆ ಸಂತೋಷ. ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಾದರೆ ಮಾತ್ರ ಅದು ಸಂತೋಷದ ವಿಷಯವಲ್ಲ. ಕೊಲೆಸ್ಟರಾಲ್ ಎಂಬುದು ಮೇಣದಂತಹ ಒಂದು ಜಿಡ್ಡು ಪದಾರ್ಥ. ಅದು ಪೂರ್ತಿ ಕೆಟ್ಟದ್ದೇನಲ್ಲ. ದೇಹದ ಪ್ರತಿಯೊಂದು ಜೀವಕೋಶದ ಗೋಡೆಗೆ ಅದು ಬೇಕು. ಹಲವು ಹಾರ್ಮೋನುಗಳು ಮತ್ತು 'ಡಿ' ಜೀವಸತ್ವ ತಯಾರಾಗುವುದಕ್ಕೂ ಬೇಕು. ದೇಹಕ್ಕೆ ಬೇಕಾದ ಕೊಲೆಸ್ಟರಾಲ್‌ನ ಬಹುಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಇದರಲ್ಲಿ ಯಕೃತ್ತಿನ, ಅಂದರೆ ಲಿವರ್‌ನ ಪಾಲು ದೊಡ್ಡದು. ಆದ್ದರಿಂದಲೇ ಬೆಣ್ಣೆ ತುಪ್ಪ ಮುಟ್ಟದವರಲ್ಲೂ, ದಿನವಿಡೀ ದುಡಿಯುವ ತೆಳ್ಳನೆಯ ಮೈಯವರಲ್ಲೂ ಕೊಲೆಸ್ಟರಾಲ್ ಹೆಚ್ಚಿರಬಹುದು.

ಎಲ್.ಡಿ.ಎಲ್. ಎಂಬ ಬಗೆಯ ಕೊಲೆಸ್ಟರಾಲ್ ರಕ್ತದಲ್ಲಿ ಬಹುಕಾಲ ಹೆಚ್ಚಾಗಿ ಉಳಿದರೆ ರಕ್ತನಾಳಗಳ ಒಳಗೋಡೆಯಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಪೈಪಿನೊಳಗೆ ಪಾಚಿ ಕಟ್ಟಿದಂತೆ ದಾರಿ ಕಿರಿದಾಗುತ್ತದೆ. ಒಂದು ದಿನ ಆ ಜಾಗ ಒಡೆದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ ಅಥವಾ ಪಾರ್ಶ್ವವಾಯು ಸಂಭವಿಸುತ್ತದೆ. ಇದೆಲ್ಲ ನಡೆಯುವಾಗ ಮುಂಚಿತವಾಗಿ ಯಾವ ನೋವೂ ಇರುವುದಿಲ್ಲ. ಹೀಗಾಗಿ ಮಾತ್ರೆ ಬಿಟ್ಟ ಮರುದಿನ ಏನೂ ಆಗಲಿಲ್ಲವೆಂದು ಧೈರ್ಯ ತಂದುಕೊಳ್ಳಬಾರದು.

ಬೂಷ್ಟಿನಿಂದ ಬಂದ ಔಷಧಿ

ಕೊಲೆಸ್ಟರಾಲ್ ಇಳಿಸಲು ಹೆಚ್ಚಾಗಿ ಕೊಡುವ ಔಷಧಿಗಳ ಗುಂಪಿಗೆ ಸ್ಟ್ಯಾಟಿನ್ ಎಂದು ಹೆಸರು. ನಿಮ್ಮ ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ಎಂದೇನಾದರೂ ಇದ್ದರೆ ಅದು ಈ ಗುಂಪಿನದು.

ಇದನ್ನು ಮೊದಲು ಕಂಡುಹಿಡಿದವರು ಜಪಾನಿನ ಅಕಿರಾ ಎಂಡೊ. ಇವರು ಉತ್ತರ ಜಪಾನಿನ ಅಕಿತಾ ಪ್ರಾಂತ್ಯದ ರೈತ ಕುಟುಂಬದಲ್ಲಿ ಹುಟ್ಟಿದವರು. ಮೇವಿನಲ್ಲಿ ಬೂಷ್ಟು ಕಂಡರೆ ನಾವು ತಿಪ್ಪೆಗೆ ಎಸೆಯುತ್ತೇವೆ, ಎಸೆಯಲೇಬೇಕು. ಎಂಡೊ ಅವರಾದರೋ 6,000ಕ್ಕೂ ಹೆಚ್ಚು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿದರು. 1973ರಲ್ಲಿ, ಅಕ್ಕಿಯ ಮೇಲೆ ಬೆಳೆದ ನೀಲಿ-ಹಸಿರು ಬೂಷ್ಟಿನಲ್ಲಿ ಅವರು ಹುಡುಕುತ್ತಿದ್ದ ಪದಾರ್ಥ ದೊರೆಯಿತು. ಲಿವರ್‌ನಲ್ಲಿ ಕೊಲೆಸ್ಟರಾಲ್ ತಯಾರಾಗುವ ಒಂದು ಮುಖ್ಯ ಹಂತವನ್ನು ಅದು ತಡೆಯುತ್ತಿತ್ತು. ತಯಾರಿಕೆ ಕಡಿಮೆಯಾದಾಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದಲೇ ಎಳೆದುಕೊಳ್ಳುತ್ತದೆ, ಇದರಿಂದ ರಕ್ತದಲ್ಲಿನ ಎಲ್.ಡಿ.ಎಲ್. ಇಳಿಯುತ್ತದೆ. ಈ ಗುಂಪಿನ ಮೊದಲ ಔಷಧಿ 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಎಂಡೊ ಅವರು 2024ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು.

ಔಷಧಿಯಿಂದ ಆಯುಷ್ಯ ಉಳಿಯುತ್ತದೆಯೇ ಎಂಬುದಕ್ಕೆ ಖಚಿತ ಉತ್ತರ ದೊರೆತದ್ದು 1994ರಲ್ಲಿ. ಸ್ವೀಡನ್, ನಾರ್ವೆ ಮುಂತಾದ ಉತ್ತರ ಯುರೋಪಿನ ದೇಶಗಳಲ್ಲಿ 4,444 ಮಂದಿ ಹೃದ್ರೋಗಿಗಳನ್ನು ಎರಡು ಸಮಪಾಲು ಮಾಡಿ, ಒಂದು ಗುಂಪಿಗೆ ಸಿಮ್ವಾಸ್ಟ್ಯಾಟಿನ್, ಮತ್ತೊಂದು ಗುಂಪಿಗೆ ನೋಡಲು ಅದರಂತೆಯೇ ಇರುವ ಔಷಧರಹಿತ ಮಾತ್ರೆ ಕೊಡಲಾಯಿತು. ಸುಮಾರು ಐದೂವರೆ ವರ್ಷಗಳಲ್ಲಿ ಔಷಧವಿಲ್ಲದ ಗುಂಪಿನಲ್ಲಿ 256 ಮಂದಿ ತೀರಿಕೊಂಡರೆ, ಔಷಧಿ ಪಡೆದ ಗುಂಪಿನಲ್ಲಿ 182 ಮಂದಿ ತೀರಿಕೊಂಡರು. ಮಾತ್ರೆ ಬಿಡುವ ಮೊದಲು ಈ ಎರಡು ಅಂಕಿಗಳನ್ನು ಜ್ಞಾಪಿಸಿಕೊಳ್ಳಿ.

ಮಾತ್ರೆಯಿಂದ ನೋವು ಬರುವುದು ನಿಜವೇ?

ನಿಜ. ಆದರೆ ಜನ ತಿಳಿದುಕೊಂಡಷ್ಟು ಮಂದಿಗೆ ಅಲ್ಲ.

ಹೊಸ ಪಶು ಆಹಾರದಿಂದ ಹಾಲು ಹೆಚ್ಚಿತೇ ಎಂದು ತಿಳಿಯಬೇಕಾದರೆ ಅದನ್ನು ತಿಂದ ರಾಸುಗಳನ್ನೂ ತಿನ್ನದ ರಾಸುಗಳನ್ನೂ ಹೋಲಿಸಿ ನೋಡಬೇಕಷ್ಟೆ. ಇದೇ ಕ್ರಮದಲ್ಲಿ ನಡೆದ 19 ಅಧ್ಯಯನಗಳ ಸುಮಾರು 1 ಲಕ್ಷ 24 ಸಾವಿರ ಮಂದಿಯ ವಿವರಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಲಾಯಿತು. ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಶೇಕಡಾ 27.1 ಮಂದಿ ಮಾಂಸಖಂಡಗಳ ನೋವು ಅಥವಾ ನಿಶ್ಶಕ್ತಿಯ ದೂರು ಹೇಳಿದರು. ಔಷಧರಹಿತ ಮಾತ್ರೆ ನುಂಗಿದವರಲ್ಲಿಯೂ ಶೇಕಡಾ 26.6 ಮಂದಿ ಅದೇ ದೂರು ಹೇಳಿದರು! ಮಾತ್ರೆ ಪ್ರಾರಂಭಿಸಿದ ಮೊದಲ ವರ್ಷದಲ್ಲಿ ನೋವೆಂದು ಹೇಳಿದ ಸುಮಾರು 15 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಅದು ಔಷಧಿಯಿಂದ ಬಂದ ನೋವಾಗಿತ್ತು. ಉಳಿದ 14 ಮಂದಿಯ ನೋವಿಗೆ ವಯಸ್ಸು, ದುಡಿಮೆ, ಮೂಳೆ ಸವೆತ ಮುಂತಾದ ಬೇರೆ ಕಾರಣಗಳಿದ್ದವು.

2020ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಇನ್ನೊಂದು ಅಧ್ಯಯನವೂ ಗಮನಾರ್ಹ. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ವರ್ಷದ ಅವಧಿಯಲ್ಲಿ ನಾಲ್ಕು ತಿಂಗಳು ನಿಜವಾದ ಮಾತ್ರೆ, ನಾಲ್ಕು ತಿಂಗಳು ಔಷಧರಹಿತ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲದಂತೆ ತಿಂಗಳುಗಳನ್ನು ಹಿಂದುಮುಂದು ಮಾಡಿ ಕೊಡಲಾಯಿತು. ಏನೂ ನುಂಗದ ತಿಂಗಳುಗಳಲ್ಲಿ ತೊಂದರೆಯ ಸರಾಸರಿ ಅಂಕ 8 ಇತ್ತು. ನಿಜವಾದ ಮಾತ್ರೆಯ ತಿಂಗಳುಗಳಲ್ಲಿ ಅದು 16.3ಕ್ಕೆ ಏರಿತು. ಔಷಧರಹಿತ ಮಾತ್ರೆಯ ತಿಂಗಳುಗಳಲ್ಲಿಯೂ 15.4 ಇತ್ತು. ಅಂದರೆ ತೊಂದರೆಯ ಬಹುಭಾಗ ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ಆತಂಕದಿಂದ. ಅವರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ನೋವು ನಿಜವಾದದ್ದೇ, ಅದರ ಕಾರಣ ಮಾತ್ರ ಬೇರೆ. ಈ ವಿವರ ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮತ್ತೆ ಮಾತ್ರೆ ಪ್ರಾರಂಭಿಸಿದರು.

ಹಾಗೆಂದು ನೋವು ಹೇಳಿದವರಿಗೆಲ್ಲ "ನಿನ್ನದು ಬರೀ ಭ್ರಮೆ" ಎನ್ನುವುದೂ ಸರಿಯಲ್ಲ. ಆ 15 ಮಂದಿಯಲ್ಲಿ ಒಬ್ಬರು ನೀವೇ ಇರಬಹುದು. ಅದನ್ನು ಪರೀಕ್ಷಿಸಿಯೇ ತಿಳಿಯಬೇಕು.

ದುಡಿಮೆಯ ನೋವೋ, ಮಾತ್ರೆಯ ನೋವೋ?

ಬೆಳಗಿನ 5 ಗಂಟೆಗೆ ಎದ್ದು ಸಗಣಿ ಬಾಚಿ, ಎರಡು ಹಸು ಕರೆದು, ಹಸಿ ಮೇವಿನ ಹೊರೆ ಹೊರುವ ನಿಮಗೆ ಮೈಕೈ ನೋವು ಹೊಸದಲ್ಲ. ಆದ್ದರಿಂದಲೇ ವ್ಯತ್ಯಾಸ ಗುರುತಿಸುವುದು ನಿಮಗೆ ಕಷ್ಟ. ಕೆಳಗಿನ ಅಂಶಗಳನ್ನು ಗಮನಿಸಿರಿ.

1. ಮಾತ್ರೆಯ ನೋವು ಸಾಮಾನ್ಯವಾಗಿ ದೇಹದ ಎರಡೂ ಬದಿಯಲ್ಲಿ ಒಂದೇ ರೀತಿ ಇರುತ್ತದೆ. ಎರಡೂ ತೊಡೆ, ಪೃಷ್ಠ, ಮೀನಖಂಡ ಅಥವಾ ಎರಡೂ ಭುಜಗಳಂತಹ ದೊಡ್ಡ ಮಾಂಸಖಂಡಗಳಲ್ಲಿ ಕಾಣಿಸಿಕೊಳ್ಳುತ್ತದೆ.

2. ಮಾತ್ರೆ ಪ್ರಾರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಹೊಸದಾಗಿ ಶುರುವಾಗುತ್ತದೆ. ನಾಲ್ಕೈದು ವರ್ಷ ಏನೂ ಇಲ್ಲದೆ ನುಂಗಿದ ಮೇಲೆ ಬಂದ ನೋವಿಗೆ ಬೇರೆ ಕಾರಣ ಇರುವ ಸಂಭವವೇ ಹೆಚ್ಚು.

3. ನಿಶ್ಶಕ್ತಿಯನ್ನು ವಿಶೇಷವಾಗಿ ಗಮನಿಸಬೇಕು. ಹಾಲು ಕರೆದು ಕುಕ್ಕರಗಾಲಿನಿಂದ ಏಳುವಾಗ ಕೈಯೂರಬೇಕಾಗುವುದು, ಮೆಟ್ಟಿಲು ಹತ್ತಲು ಆಗದಿರುವುದು, ಕ್ಯಾನನ್ನು ಸೈಕಲ್ಲಿಗೆ ಎತ್ತಲು ತೋಳು ಸೋಲುವುದು ಬರೀ ದಣಿವಿನ ಲಕ್ಷಣಗಳಲ್ಲ.

4. ಒಂದೇ ಮಂಡಿಯ ನೋವು, ಒಂದೇ ಭುಜದ ಹಿಡಿತ, ಸೊಂಟದಿಂದ ಒಂದು ಕಾಲಿಗೆ ಇಳಿಯುವ ಸೆಳೆತ ಇವು ಸಾಮಾನ್ಯವಾಗಿ ಕೀಲು, ನರ ಅಥವಾ ಬೆನ್ನೆಲುಬಿನ ತೊಂದರೆಗಳು.

5. ನೋವಿನ ಜೊತೆಗೆ ಜ್ವರ ಇದ್ದರೆ ಮಾತ್ರೆಯನ್ನು ದೂರಿ ಸುಮ್ಮನಾಗಬೇಡಿ. ಕೊಟ್ಟಿಗೆಯಲ್ಲಿ ದುಡಿಯುವವರಿಗೆ ತಗಲುವ ಇಲಿ ಜ್ವರದಲ್ಲಿ ಮೀನಖಂಡಗಳು ವಿಪರೀತ ನೋಯುತ್ತವೆ. ಕಂದು ಹಾಕುವ ರಾಸುಗಳಿಂದ ಹರಡುವ ಬ್ರುಸೆಲ್ಲೋಸಿಸ್ ರೋಗದಲ್ಲಿ ಬಂದು ಹೋಗುವ ಜ್ವರ, ಬೆವರು, ಬೆನ್ನು ಮತ್ತು ಕೀಲು ನೋವು ಇರುತ್ತದೆ. ಇವೆರಡಕ್ಕೂ ಬೇರೆಯೇ ಚಿಕಿತ್ಸೆ ಬೇಕು. ನೀವು ರಾಸು ಸಾಕಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ತುರ್ತು ಲಕ್ಷಣ: ಮೂತ್ರದ ಬಣ್ಣ

ಉಣ್ಣೆ ಕಚ್ಚಿ ಹಸು ಕೆಂಪು ಮೂತ್ರ ಮಾಡಿದರೆ ನೀವು ಮರುದಿನದವರೆಗೆ ಕಾಯುವುದಿಲ್ಲ. ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ತೀವ್ರ ಮಾಂಸಖಂಡ ನೋವು ಅಥವಾ ನಿಶ್ಶಕ್ತಿಯ ಜೊತೆಗೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅಷ್ಟೇ ಅವಸರ ಮಾಡಬೇಕು. ಮಾಂಸಖಂಡದ ಜೀವಕೋಶಗಳು ಒಡೆದು ಅದರೊಳಗಿನ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು ಎಂಬುದರ ಸೂಚನೆ ಅದು.

ಈ ತೊಂದರೆ ಬಹಳ ಅಪರೂಪ. ಮಾತ್ರೆ ತೆಗೆದುಕೊಳ್ಳುವ ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಬಂದೀತು. ಆದರೆ ಬಂದರೆ ಪ್ರಾಣಾಪಾಯ ಉಂಟು. ಸೆರಿವಾಸ್ಟ್ಯಾಟಿನ್ ಎಂಬ ಒಂದು ಸ್ಟ್ಯಾಟಿನ್‌ನಿಂದ ಇದು ಉಳಿದವುಗಳಿಗಿಂತ ಹೆಚ್ಚು ಮಂದಿಗೆ ಆದ ಕಾರಣ 2001ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಇಂದು ದೊರೆಯುವ ಮಾತ್ರೆಗಳು ಅದಲ್ಲ.

ಮಾತ್ರೆ ನೀವಾಗಿ ನಿಲ್ಲಿಸಬಾರದೆಂಬ ಮಾತಿಗೆ ಇದೊಂದೇ ಅಪವಾದ. ಇಂತಹ ಸಂದರ್ಭದಲ್ಲಿ ಮುಂದಿನ ಸ್ಟ್ಯಾಟಿನ್ ಮಾತ್ರೆ ನುಂಗದೆ, ಅಂದೇ, ಆಗಲೇ ಆಸ್ಪತ್ರೆಗೆ ಹೋಗಬೇಕು. ಎಲ್ಲ ಔಷಧಿಗಳನ್ನೂ ಜೊತೆಗೆ ಒಯ್ಯಬೇಕು.

ಯಾರು ಹೆಚ್ಚು ಎಚ್ಚರವಹಿಸಬೇಕು?

ಹೆಚ್ಚು ವಯಸ್ಸಾದವರು, ಸಣ್ಣ ಮೈಕಟ್ಟಿನವರು (ಅದರಲ್ಲಿಯೂ ಮಹಿಳೆಯರು), ಥೈರಾಯ್ಡ್ ಕೊರತೆ ಇರುವವರು, ಮೂತ್ರಪಿಂಡ ಅಥವಾ ಲಿವರ್ ತೊಂದರೆ ಇರುವವರು, ಮದ್ಯಪಾನ ಹೆಚ್ಚು ಮಾಡುವವರು ಮತ್ತು ದೊಡ್ಡ ಪ್ರಮಾಣದ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಎಚ್ಚರ ವಹಿಸಬೇಕು.

ಬೇರೆ ಔಷಧಿಗಳು ಜೊತೆಗೂಡಿದಾಗಲೂ ಅಪಾಯ ಹೆಚ್ಚುತ್ತದೆ. ಕೆಲವು ಔಷಧಿಗಳು ಸ್ಟ್ಯಾಟಿನ್ ದೇಹದಿಂದ ಹೊರಹೋಗದಂತೆ ತಡೆಯುತ್ತವೆ. ಆಗ ನುಂಗಿದ್ದು 20 ಮಿ.ಗ್ರಾಂ. ಆದರೂ ದೇಹದಲ್ಲಿ ಅದಕ್ಕಿಂತ ಬಹಳ ಹೆಚ್ಚು ನುಂಗಿದಂತಾಗುತ್ತದೆ. ಹುಳುಕಡ್ಡಿ, ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಕೆಮ್ಮು ಕಫಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್ ಮತ್ತು ಎರಿಥ್ರೋಮೈಸಿನ್ ಇಂತಹವು. ಸಿಮ್ವಾಸ್ಟ್ಯಾಟಿನ್ ಮತ್ತು ಅಟೋರ್ವಾಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ಈ ಎಚ್ಚರಿಕೆ ಮುಖ್ಯ. ಇನ್ನೊಂದು ಬಗೆಯ ಕೊಬ್ಬು ಇಳಿಸುವ ಜೆಮ್‌ಫೈಬ್ರೋಜಿಲ್ ಎಂಬ ಔಷಧಿ ಸ್ಟ್ಯಾಟಿನ್ ಜೊತೆ ಕೂಡದು. ಕರುಗಳಿಂದ ಗಜಕರ್ಣ ಅಂಟಿಸಿಕೊಂಡು ಅಂಗಡಿಯಲ್ಲಿ ಕೇಳಿ ಮಾತ್ರೆ ತರುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು.

ಹೊರದೇಶಗಳಲ್ಲಿ ಈ ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ ಕುಡಿಯಬಾರದೆಂದು ಎಚ್ಚರಿಸುತ್ತಾರೆ. ಆ ಹಣ್ಣು ಹುಟ್ಟಿದ್ದು ನಮ್ಮ ದೇವನಹಳ್ಳಿಯ ಕಡೆ ಬೆಳೆಯುವ ಚಕ್ಕೋತ ಜಾತಿ ಮತ್ತು ಕಿತ್ತಳೆಯ ಬೆರಕೆಯಿಂದ. ಚಕ್ಕೋತದಲ್ಲಿಯೂ ಅಂತಹುದೇ ಪದಾರ್ಥಗಳಿವೆ. ಆದ್ದರಿಂದ ಚಕ್ಕೋತ ತಿನ್ನುವ ರೂಢಿ ಇರುವವರು ವೈದ್ಯರನ್ನು ಕೇಳಿ ಮುಂದುವರಿಯುವುದು ಕ್ಷೇಮ.

ಒಂದೇ ಕ್ಯಾಪ್ಸೂಲಿನಲ್ಲಿ ಎರಡು ಮೂರು ಔಷಧಿ

ಈ ಅಂಶವನ್ನು ದಯವಿಟ್ಟು ಎರಡು ಬಾರಿ ಓದಿರಿ. ನಮ್ಮ ದೇಶದಲ್ಲಿ ಸ್ಟ್ಯಾಟಿನ್ ಜೊತೆಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎಂಬ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಗಳನ್ನು ಸೇರಿಸಿ ಒಂದೇ ಕ್ಯಾಪ್ಸೂಲು ಮಾಡಿ ಮಾರುವುದು ಸಾಮಾನ್ಯ. ಮೈಕೈ ನೋವೆಂದು ನೀವು ಆ ಕ್ಯಾಪ್ಸೂಲು ಬಿಟ್ಟರೆ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿದ್ದ ಔಷಧಿಯೂ ನಿಂತುಹೋಗುತ್ತದೆ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಹೀಗೆ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವೇ ದಿನಗಳಲ್ಲಿ ಹೃದಯಾಘಾತ ಆಗಬಹುದು. ವೈದ್ಯರಾದರೆ ಸ್ಟ್ಯಾಟಿನ್ ಒಂದನ್ನೇ ನಿಲ್ಲಿಸಿ ಉಳಿದವನ್ನು ಬೇರೆ ಮಾತ್ರೆಯಾಗಿ ಮುಂದುವರಿಸುತ್ತಾರೆ. ನಿಮ್ಮ ಕ್ಯಾಪ್ಸೂಲಿನಲ್ಲಿ ಏನೇನಿದೆ ಎಂಬುದನ್ನು ಇಂದೇ ಯಾರಿಂದಲಾದರೂ ಓದಿಸಿ ತಿಳಿಯಿರಿ.

ವೈದ್ಯರು ಏನು ಮಾಡುತ್ತಾರೆ?

ಮೊದಲಿಗೆ ಸಿ.ಕೆ. ಎಂಬ ರಕ್ತಪರೀಕ್ಷೆ ಮಾಡಿಸಬಹುದು. ಮಾಂಸಖಂಡಕ್ಕೆ ಹಾನಿಯಾಗಿದ್ದರೆ ಇದರ ಅಂಶ ಏರುತ್ತದೆ. ಆದರೆ ಕಟಾವು ಮಾಡಿದ, ಹೊರೆ ಹೊತ್ತ ಮರುದಿನವೂ ಅದು ಏರಿರುತ್ತದೆ. ಆದ್ದರಿಂದ ಪರೀಕ್ಷೆಗೆ ಮುಂಚೆ ಎರಡು ಮೂರು ದಿನ ಭಾರಿ ಕೆಲಸ ಮಾಡದಿರುವುದು ಒಳ್ಳೆಯದು. ಮಾಡಿದ್ದರೆ ಹಾಗೆಂದು ಹೇಳಿರಿ. ಥೈರಾಯ್ಡ್ ಮತ್ತು 'ಡಿ' ಜೀವಸತ್ವದ ಪರೀಕ್ಷೆಯನ್ನೂ ಹೇಳಬಹುದು.

ಮಾತ್ರೆಯ ಮೇಲೆ ಅನುಮಾನ ಬಂದರೆ ಕೆಲವು ವಾರ ಸ್ಟ್ಯಾಟಿನ್ ನಿಲ್ಲಿಸಿ ನೋಡುತ್ತಾರೆ. ಔಷಧಿಯ ನೋವಾಗಿದ್ದರೆ ಸಾಮಾನ್ಯವಾಗಿ ಈ ಅವಧಿಯಲ್ಲಿ ಇಳಿಯುತ್ತದೆ. ನಿಲ್ಲಿಸಿದ ಮೇಲೂ ನಿಶ್ಶಕ್ತಿ ಹೆಚ್ಚುತ್ತಲೇ ಹೋದರೆ ಮತ್ತೆ ಕೂಡಲೇ ತೋರಿಸಬೇಕು. ನೋವು ಇಳಿದ ನಂತರ ಕಡಿಮೆ ಪ್ರಮಾಣದಲ್ಲಿ, ಅಥವಾ ಬೇರೊಂದು ಸ್ಟ್ಯಾಟಿನ್, ಅಥವಾ ದಿನ ಬಿಟ್ಟು ದಿನ ಕೊಟ್ಟು ನೋಡುತ್ತಾರೆ. ಒಮ್ಮೆ ಒಗ್ಗದ ಅನೇಕರಿಗೆ ಎರಡನೆಯ ಬಾರಿ ಒಗ್ಗುತ್ತದೆ.

ಯಾವ ಸ್ಟ್ಯಾಟಿನ್ ಕೂಡ ಆಗದವರಿಗೂ ದಾರಿ ಮುಚ್ಚಿಲ್ಲ. ಕರುಳಿನಿಂದ ಕೊಲೆಸ್ಟರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಮಾತ್ರೆ ಇದೆ. ಬೆಂಪೆಡೋಯಿಕ್ ಆಮ್ಲ ಎಂಬುದು ಲಿವರ್‌ನಲ್ಲಿ ಕೆಲಸ ಮಾಡುವ, ಮಾಂಸಖಂಡದಲ್ಲಿ ಚುರುಕುಗೊಳ್ಳದ ಔಷಧಿ. ಸ್ಟ್ಯಾಟಿನ್ ಒಗ್ಗದ ಸುಮಾರು 14,000 ಮಂದಿಯಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಔಷಧಿಯಿಂದ ಹೃದಯಾಘಾತದಂತಹ ಅನಾಹುತಗಳು ಕಡಿಮೆಯಾದದ್ದು ಕಂಡುಬಂದಿತು. ಚುಚ್ಚುಮದ್ದುಗಳೂ ಇವೆ, ಆದರೆ ಅವುಗಳ ಬೆಲೆ ಹೆಚ್ಚು. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಮಾತ್ರೆಗಳಾದರೋ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ.

ಸದಸ್ಯರು ಅನುಸರಿಸಬೇಕಾದ ಕ್ರಮಗಳು

1. ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನ, ಕರು ಹಾಕಿದ ದಿನ ಬರೆದಿಡುವಂತೆ, ಮಾತ್ರೆ ಪ್ರಾರಂಭಿಸಿದ ದಿನ, ಪ್ರಮಾಣ ಬದಲಾದ ದಿನ, ನೋವು ಶುರುವಾದ ದಿನ ಇವನ್ನು ಒಂದು ಚೀಟಿಯಲ್ಲಿ ಬರೆದಿಡಿ. ವೈದ್ಯರಿಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

2. ಆಸ್ಪತ್ರೆಗೆ ಹೋಗುವಾಗ ಖಾಲಿಯಾದ ಮಾತ್ರೆ ಹಾಳೆಗಳನ್ನೂ ಒಯ್ಯಿರಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ತಿಳಿಸಿ.

3. ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಗಟ್ಟಲೆ ನುಂಗಬೇಡಿ. ಅವು ಮೂತ್ರಪಿಂಡಕ್ಕೂ ಹೃದಯಕ್ಕೂ ತೊಂದರೆ ಕೊಡಬಲ್ಲವು.

4. ಗರ್ಭಿಣಿಯರು ಮತ್ತು ಮಗುವಿಗೆ ಹಾಲುಣಿಸುವ ತಾಯಂದಿರು ಈ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಕ್ಷಣ ತಿಳಿಸಬೇಕು. ಸಾಮಾನ್ಯವಾಗಿ ಆ ಅವಧಿಯಲ್ಲಿ ಇದನ್ನು ಕೊಡುವುದಿಲ್ಲ.

5. ನಿಮ್ಮ ಮಾತ್ರೆಯನ್ನು ನೆರೆಯವರಿಗೆ ಕೊಡಬೇಡಿ. ನೆರೆಯವರ ಮಾತು ಕೇಳಿ ನಿಮ್ಮ ಮಾತ್ರೆ ಬಿಡಬೇಡಿ.

6. ಮಾತ್ರೆ ಇದೆಯೆಂದು ಬೀಡಿ, ಸಿಗರೇಟು, ಕರಿದ ತಿಂಡಿಗಳನ್ನು ಮುಂದುವರಿಸಬಾರದು.

ನಿಮ್ಮ ಮನೆಯಲ್ಲಿ ಅಥವಾ ಸಂಘದಲ್ಲಿ ಯಾರಾದರೂ ನೋವಿನ ಭಯದಿಂದ ಈಗಾಗಲೇ ಮಾತ್ರೆ ಬಿಟ್ಟಿದ್ದರೆ ಅವರನ್ನು ಬೈಯಬೇಡಿ. ಮುಂದಿನ ಬಟವಾಡೆಯವರೆಗೆ ಕಾಯದೆ ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಅಥವಾ ಅವರನ್ನು ನೋಡುತ್ತಿದ್ದ ವೈದ್ಯರ ಬಳಿಗೆ ಕರೆದೊಯ್ಯಿರಿ. "ಮಾತ್ರೆ ಬಿಟ್ಟಿದ್ದೇನೆ, ನೋವಾಗುತ್ತಿತ್ತು" ಎಂಬ ಎರಡು ಮಾತು ಹೇಳಿದರೆ ಸಾಕು, ಮುಂದಿನ ದಾರಿಯನ್ನು ವೈದ್ಯರು ಹುಡುಕುತ್ತಾರೆ.